ಹೆಗ್ಗೆಣಸಿಗೆ ಸೀಟು ಬಿಟ್ಟುಕೊಟ್ಟ ಮಾಸ್ತರು

ಮಗಳು ತೆಲೆಸಿಯಳ ಮದುವೆಯ ಹಿಂದಿನ ದಿನ ಹಾವಿಲಿ ಮಾಸ್ತರು ಹೆಂಡತಿ ಲೋಸಲಿನಿಯೊಂದಿಗೆ ಹಾಪೈ ದ್ವೀಪದ ವಿಮಾನ ನಿಲ್ದಾಣಕ್ಕೆ ಬಂದರು. ಮದುವೆ ರಾಜಧಾನಿ ನುಕುಅಲೋಫಾದಲ್ಲಿ. ಜೊತೆಗೆ ಬೀಗರಿಗೆ ಕೊಡಬೇಕಾದ ಮೂರು ಮೂಟೆ ಹೆಗ್ಗೆಣಸು. ಎಂಟು ಸೀಟಿನ ಪುಟ್ಟ ವಿಮಾನ; ಸಾಮಾನಿನ ಹಾಗೆ ಜನರನ್ನೂ ತೂಗಿಯೇ ಹತ್ತಿಸುವುದು. ತೂಕದ ಯಂತ್ರದ ಪಕ್ಕ ನಿಂತಿದ್ದವನು ಮಾಸ್ತರ ಹಳೆಯ ಶಿಷ್ಯ ಲೊಪೇತಿ. ಮಾಸ್ತರು ಹತ್ತಿದಾಗ ಮುಳ್ಳು ನೂರ ಎಪ್ಪತ್ತೊಂದು ಕಿಲೋಗೆ ಹೋಗಿ ನಿಂತಿತು.

“ಮಾಸ್ತರೇ, ಒಂದೋ ನೀವು ಬರ್ಬೇಕು, ಇಲ್ಲಾಂದ್ರೆ ಗೆಣಸು. ಎರಡೂ ಅಂದ್ರೆ ವಿಮಾನ ಮೇಲೇಳಲ್ಲ,” ಎಂದ ಅವನು.

“ಲೆಕ್ಕ ಸರಿಯಾಗಿ ನೋಡಿದ್ಯೇನೋ?”

“ಲೆಕ್ಕ ಕಲಿಸಿದ್ದೇ ನೀವಲ್ವಾ.”

ಮುಂದಿನ ಹಡಗು ಇದ್ದದ್ದು ಮಂಗಳವಾರ. ಗೆಣಸಿಲ್ಲದೆ ಹೋದರೆ ಹುಡುಗಿಗೆ ಜೀವಮಾನವಿಡೀ ಬೀಗರ ಚುಚ್ಚುಮಾತು ತಪ್ಪದು. ಅಪ್ಪನಿಲ್ಲದೆ ಹೋದರೆ ಒಂದು ದಿನದ ಅಳು. ಮಾಸ್ತರು ಗೆಣಸಿಗೆ ಜಾಗ ಬಿಟ್ಟರು.

ಸೋಮವಾರ ಲೋಸಲಿನಿ ಫೋಟೋ ತಂದಳು. ಮಂಟಪದಲ್ಲಿ ವಧುವಿನ ತಂದೆಯ ಕುರ್ಚಿ ಖಾಲಿ ಬಿಡುವುದು ಶುಭವಲ್ಲವೆಂದು ಯಾರೋ ಗೆಣಸಿನ ದೊಡ್ಡ ಮೂಟೆಗೆ, ಶುಭಕಾರ್ಯದಲ್ಲಿ ಗಂಡಸರು ಸೊಂಟಕ್ಕೆ ಸುತ್ತುವ ಒಳ್ಳೆಯ ಚಾಪೆ ಸುತ್ತಿ, ಹೂಮಾಲೆ ಹಾಕಿ ಅಲ್ಲಿ ಕೂರಿಸಿದ್ದರು. ಮದುಮಕ್ಕಳು ಅದರ ಅಕ್ಕಪಕ್ಕ ನಗುತ್ತ ನಿಂತಿದ್ದರು.

“ಬೀಗರು ಗೆಣಸನ್ನ ತುಂಬ ಹೊಗಳಿದ್ರು ಕಣ್ರೀ. ನೀವು ಬಂದಿದ್ರೂ ಅಷ್ಟು ಹೊಗಳ್ತಿರ್ಲಿಲ್ಲ,” ಎಂದಳು.

ಮಾಸ್ತರು ಅಂದೇ ಆಸ್ಪತ್ರೆಗೆ ನಡೆದರು. ನರ್ಸ್ ಪೌಲಿನ ಹೇಳಿದ್ದು ಮೂರೇ ಮಾತು: ಅರ್ಧ ತಟ್ಟೆ ಸೊಪ್ಪು ತರಕಾರಿ, ಕೊಬ್ಬಿನ ಕುರಿಮಾಂಸ ಬಿಡಬೇಕು, ಭಾನುವಾರ ಬಿಟ್ಟು ದಿನಾ ನಡೀಬೇಕು. ಭಾನುವಾರ ಅಲ್ಲಿ ಚರ್ಚಿಗಲ್ಲದೆ ಬೇರೆ ಯಾವುದಕ್ಕೂ ಬೆವರು ಸುರಿಸುವಂತಿಲ್ಲ.

ಎರಡು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿಯಿತು. ಮಾಸ್ತರು ಹಿಗ್ಗಿದರು, ಊರು ಹೆದರಿತು. ಕೆನ್ನೆ ಇಳಿದ ಗಂಡಸು ಎಂದರೆ ಒಂದೋ ರೋಗಿ, ಇಲ್ಲವೇ ಹೆಂಡತಿ ಅನ್ನ ಹಾಕದವನು. ಚರ್ಚಿನ ಹಾಡುಗಾರರು ಬಾಗಿಲಿಗೆ ಬಂದು ಮೆಲ್ಲನೆಯ ಹಾಡು ಹೇಳಿದರು. ಅದು ಸಾಮಾನ್ಯವಾಗಿ ಸಾವಿನ ಮನೆಯಲ್ಲಿ ಹಾಡುವಂಥದ್ದು.

“ನನ್ನ ಮಾನ ತೆಗೀಬೇಕು ಅಂತಾನೇ ಹೊರಟಿದ್ದೀರಾ?” ಎಂದು ಲೋಸಲಿನಿ ಕೇಳಿದಳು.

ಅದೇ ವಾರ ಊರವರ ಮನೆಗಳಿಂದ ಊಟದ ಪಾತ್ರೆಗಳು ಬರತೊಡಗಿದವು. ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ ಮಾಂಸ, ಮರಗೆಣಸಿನ ಕಡುಬು. ಫೆಲೇತಿ ಅಜ್ಜನಂತೂ ಇಡೀ ಹಂದಿಮರಿಯನ್ನೇ ಸುಟ್ಟು ತಂದ. ಅದರ ಎಡಗಿವಿ ಕರಕಲಾಗಿತ್ತು. ಬೇಡವೆನ್ನುವುದು ಆ ಊರಲ್ಲಿ ಯಾರೂ ಕಲಿತ ವಿದ್ಯೆಯಲ್ಲ. ತಿಂದರೆ ಹನ್ನೊಂದು ಕಿಲೋ ವಾಪಸ್ಸು. ಮಾಸ್ತರು ಹಂದಿಯನ್ನು ಹೆಗಲ ಮೇಲೆ ಹೊತ್ತು ಊರಿನ ಆ ತುದಿಯ ಪಾದ್ರಿಯ ಮನೆಗೆ ಮುಟ್ಟಿಸಿದರು. ಪಾದ್ರಿ ಸುಮ್ಮನೆ ಕಳಿಸುವರೇ? ಪ್ರತಿಯಾಗಿ ಒಂದು ಬುಟ್ಟಿ ದೀವಿಹಲಸು ಕೊಟ್ಟರು. ಅದನ್ನು ಹೊತ್ತು ಮಾಸ್ತರು ಬಂದರಿನ ವಿಧವೆಯ ಮನೆಗೆ ಹೋದರು. ಅವಳು ಮೀನು ಕೊಟ್ಟಳು. ಮೀನು ಇನ್ನೊಂದು ಮನೆಗೆ ಹೋಯಿತು.

ಮರುದಿನ ಪಾದ್ರಿ ಅವರನ್ನು ಕರೆಸಿ, ಬಾಳೆಲೆ ಸುತ್ತಿದ ದೊಡ್ಡ ಗಂಟೊಂದನ್ನು ಫೆಲೇತಿ ಅಜ್ಜನಿಗೆ ಕೊಟ್ಟುಬಿಡಿ ಎಂದರು. ಅಜ್ಜ ಎಲೆ ಬಿಚ್ಚಿದ. ಕರಕಲು ಕಿವಿ ಕಂಡಿತು.

“ಇದರ ಅಣ್ಣನ್ನ ನಿನ್ನೆ ತಾನೇ ನಿನಗೆ ಕೊಟ್ಟಿದ್ದೆ,” ಎಂದ ಅಜ್ಜ, ಕಿವಿ ಮುಟ್ಟಿ ನೋಡಿ.

“ಒಂದೇ ಮನೆತನ ಇರ್ಬೇಕು ಅಜ್ಜ,” ಎಂದು ಮಾಸ್ತರು ಬೆವರು ಒರೆಸಿಕೊಂಡರು.

ಹೀಗೆ ದಿನಕ್ಕೆ ಎಂಟು ಒಂಬತ್ತು ಕಿಲೋಮೀಟರು, ಅದೂ ಹೊರೆ ಹೊತ್ತು. ಹದಿನಾಲ್ಕು ತಿಂಗಳಿಗೆ ತೂಕ ನೂರ ಹದಿನೆಂಟಕ್ಕೆ ಬಂತು. ಆಗ ಪಾದ್ರಿ ಉಪದೇಶದ ನಡುವೆ, ಮಾಸ್ತರಿಗೆ ರೋಗವಿಲ್ಲ, ಇದು ಅವರೇ ಹಿಡಿದ ನೇಮ, ಇನ್ನು ಯಾರೂ ಚಿಂತಿಸಬೇಡಿ ಎಂದು ಸಾರಿಬಿಟ್ಟರು. ಸೋಮವಾರದಿಂದ ಒಂದು ಪಾತ್ರೆಯೂ ಬರಲಿಲ್ಲ.

ಹೊರೆಯಿಲ್ಲದೆ ಬರಿಗೈಯಲ್ಲಿ ನಡೆಯಲು ಮಾಸ್ತರಿಗೆ ಮನಸ್ಸೇ ಬರಲಿಲ್ಲ. ಜಗುಲಿಯಲ್ಲಿ ಕೂತರು. ಒಂದೇ ತಿಂಗಳಲ್ಲಿ ಐದು ಕಿಲೋ ಏರಿತು. ಕೊನೆಗೆ ನಾಚಿಕೆ ಬಿಟ್ಟು ಫೆಲೇತಿ ಅಜ್ಜನ ಅಂಗಳದಲ್ಲಿ ಹೋಗಿ ನಿಂತರು.

“ಏನಾದ್ರೂ ಕೊಡು ಅಜ್ಜ.”

“ಹಸಿವಾ?”

“ಹಸಿವಲ್ಲ. ಎಲ್ಲಿಗಾದ್ರೂ ಹೊತ್ಕೊಂಡು ಹೋಗ್ಬೇಕು.”

ಅಜ್ಜ ಎರಡು ಎಳನೀರು ಗೊನೆ ಹೊರಿಸಿ, ಯಾರ ಮನೆಗೆಂದು ಹೇಳಿದ. ಅಂದಿನಿಂದ ಊರಿನಲ್ಲಿ ಅದೇ ಪದ್ಧತಿಯಾಯಿತು: ಯಾರಿಗೆ ಏನು ಕಳಿಸಬೇಕಾದರೂ ಮಾಸ್ತರ ಹೆಗಲು. ಏರಿದ ತೂಕ ಮತ್ತೆ ಇಳಿಯಿತು; ಐದು ವರ್ಷವಾಯಿತು, ಆಮೇಲೆ ನೂರ ಇಪ್ಪತ್ತು ದಾಟಿಲ್ಲ. ಲೋಸಲಿನಿಗೂ ಈಗ ಬೇಸರವಿಲ್ಲ. ದ್ವೀಪದ ಸುದ್ದಿಯೆಲ್ಲ ಮೊದಲು ತಲುಪುವುದು ಅವಳಿಗೇ.

ಇದನ್ನು ಕಂಡ ನರ್ಸ್ ಪೌಲಿನ ಕಳೆದ ವರ್ಷ ಇನ್ನೂ ಮೂವರು ದಪ್ಪ ಗಂಡಸರನ್ನು ಇದೇ ಕೆಲಸಕ್ಕೆ ಹಚ್ಚಿದಳು. ಮೂವರೂ ದಾರಿಯಲ್ಲೇ ಕೂತು ತಿಂದು ಬರಿ ಪಾತ್ರೆ ಮುಟ್ಟಿಸಿದರು. ಬಾಗಿಲಿಗೆ ಪಾತ್ರೆ ತಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲವಲ್ಲ, ಜನ ಅದನ್ನು ತೊಳೆದು, ಮತ್ತೆ ತುಂಬಿಸಿ ಅವರ ಕೈಗೇ ಕೊಟ್ಟರು.