ಬ್ರದರುಗಳ ಖರ್ಚಿನ ಹಲ್ಲು

ಪುಕ್ಕಟೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಹೇಳಿದವರ ಮುಖ ನೋಡುತ್ತೇನೆ. ಸರ್ಕಾರಿ ಹಾಸ್ಟೆಲ್ಲಿನ ವಾರ್ಡನ್ ಆಗಿ ಇಡೀ ನೌಕರಿ ಕಳೆದವಳು. ಹುಡುಗಿಯರಿಗೆ ಹಣ್ಣು ಹಂಚಲು ಬಂದವರು ಕ್ಯಾಮೆರಾ ಮರೆತು ಬಂದದ್ದನ್ನು ಒಮ್ಮೆಯೂ ಕಂಡಿಲ್ಲ. ಬಾಳೆಹಣ್ಣು ಒಂದು, ಅದನ್ನು ಹಿಡಿದ ಕೈ ನಾಲ್ಕಾರು.

ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾದಗಿರಿ ಕಡೆಯವನು. ಅವನ ಹೆಂಡತಿ ಇಲ್ಲೇ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಅವರ ಏಳು ವರ್ಷದ ಮಗಳಿಗೆ ಮಾತು ಬಂದಿಲ್ಲ. ಹೊಸಬರು ಮುಟ್ಟಿದರೆ, ಬೆಳಕು ಥಟ್ಟನೆ ಕಣ್ಣಿಗೆ ಬಿದ್ದರೆ ಮೈ ಬಿಗಿಹಿಡಿಯುತ್ತಾಳೆ. ಈ ಬೇಸಿಗೆಯಲ್ಲಿ ಆ ಹುಡುಗಿ ಊಟ ಬಿಟ್ಟಳು. ಬಲಗೆನ್ನೆ ಊದಿತ್ತು, ಅದಕ್ಕೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಇಬ್ಬರು ಹಲ್ಲಿನ ಡಾಕ್ಟರು ಬಾಯಿ ತೆರೆಸಲಾಗದೆ ವಾಪಸು ಕಳಿಸಿದರು. ಪ್ರಜ್ಞೆ ತಪ್ಪಿಸಿ ಹಲ್ಲು ಕೀಳಬೇಕು, ಬಹಳ ಖರ್ಚು ಎಂದರು.

ಆಗ ಮೇಲಿನ ಮಹಡಿಯವರು ಬ್ರದರುಗಳ ಸುದ್ದಿ ಹೇಳಿದರು. ಅದೊಂದು ಗಂಡಸರ ಸಂಘ. ಮೊಮ್ಮಕ್ಕಳಿರುವವರೂ ಒಬ್ಬರನ್ನೊಬ್ಬರು ಬ್ರದರ್ ಎಂದೇ ಕರೆಯುತ್ತಾರೆ. ಬಾಗಿಲು ಹಾಕಿಕೊಂಡು ಸಭೆ ಮಾಡುತ್ತಾರೆ. ಒಳಗೆ ನಡೆದದ್ದನ್ನು ಹೆಂಡತಿಗೂ ಹೇಳುವುದಿಲ್ಲ. ಆಟೋದವರು ಅವರ ಕಟ್ಟಡಕ್ಕೆ ಜಾದೂ ಘರ್ ಎನ್ನುತ್ತಾರೆ. ಅಂಗವಿಕಲ ಮಕ್ಕಳ ಹಲ್ಲಿನ ಖರ್ಚನ್ನು ಈ ಸಂಘ ಹೊರುತ್ತದಂತೆ. ಮಂದಿಗೆ ತೋರಿಸಲಾಗದ ಸಭೆಯವರಿಗೆ ಮಕ್ಕಳ ಹಲ್ಲಿನ ಗೊಡವೆ ಯಾಕೆ ಎಂದು ನನಗನಿಸಿತು.

"ಅವರು ಯಾರರ ಇರವಲ್ರ್ಯಾಕ ಅಕ್ಕೋರ," ಎಂದಳು ಹುಡುಗಿಯ ತಾಯಿ. "ಕೂಸು ತುತ್ತು ನುಂಗವಲ್ದು."

"ಸುಮ್ಮ ಸುಮ್ಮನ ಯಾರೂ ಕೊಡೂದಿಲ್ಲವ್ವಾ."

"ಅದಕ್ಕ ನೀವು ಸಂಗಟ ಬರ್ರಿ. ನಿಮ್ಮನ್ನ ನೋಡಿದ್ರ ಅವರೂ ಒಂದೀಟು ಅಂಜತಾರ."

ದವಾಖಾನೆ ಇದ್ದದ್ದು ಊರಿನ ಇನ್ನೊಂದು ತುದಿಗೆ, ಮೆಹದಿಪಟ್ಟಣಂನಲ್ಲಿ. ಬಾಗಿಲಲ್ಲೇ ಒಬ್ಬ ಬ್ರದರ್ ನಿಂತಿದ್ದರು. ಇಸ್ತ್ರಿ ಅಂಗಿ, ಬಿಳಿ ಮೀಸೆ. ನನ್ನ ಮಾತು ಕೇಳಿ, "ನಾವೂ ಬೀದರ ಕಡೆಯವರ್ರೀ," ಎಂದರು. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ನಮ್ಮ ಕಡೆಯವರನ್ನು ನಾನು ಬಲ್ಲೆ.

ಡಾಕ್ಟರಮ್ಮ ಮೊದಲ ದಿನ ಬಾಯಿಯ ಸುದ್ದಿಗೇ ಹೋಗಲಿಲ್ಲ. ಕುರ್ಚಿಯನ್ನು ಮೇಲೆ ಕೆಳಗೆ ಮಾಡಿ ಹುಡುಗಿಯನ್ನು ಆಡಿಸಿದರು. ಊದಿದ ಕೆನ್ನೆಯ ಕೀವು ಇಳಿಯಲು ಔಷಧ ಬರೆದು, ಮುಂದಿನ ಗುರುವಾರ ಬನ್ನಿ ಎಂದರು. ಇದೆಂಥ ಚಿಕಿತ್ಸೆ ಎಂದು ನಾನು ಹಿಂದಿಯಲ್ಲಿ ಕೇಳಿದೆ. ಮೊದಲು ಕುರ್ಚಿ, ಆಮೇಲೆ ಕನ್ನಡಿ, ಕೊನೆಗೆ ಹಲ್ಲು, ಒತ್ತಿಹಿಡಿದು ಕಿತ್ತರೆ ಇವಳು ಮತ್ತೆಂದೂ ಬಾಯಿ ತೆರೆಯುವುದಿಲ್ಲ ಎಂದು ಅವರು ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಒಂದು ದಿನದ ಸುಣ್ಣದ ಕೆಲಸವನ್ನು ವಾರಕ್ಕೆ ಎಳೆಯುವ ಗುತ್ತಿಗೆದಾರರನ್ನು ನಾನು ಹಾಸ್ಟೆಲ್ಲಿನಲ್ಲಿ ಸಾಕಷ್ಟು ಕಂಡಿದ್ದೇನೆ.

ಎರಡನೇ ಗುರುವಾರ ಹುಡುಗಿ ತಾನಾಗಿ ಕನ್ನಡಿ ಹಿಡಿದಳು. ಅದನ್ನು ಮೂಸಿದಳು, ತುಟಿಗೆ ತಾಗಿಸಿದಳು, ಬಾಯಿ ತೆರೆದಳು. ಆಗಲೇ ಬಾಗಿಲ ಕಡೆಯಿಂದ ಫ್ಲ್ಯಾಶ್ ಹೊಡೆಯಿತು. ಬ್ರದರ್ ಫೋನಿನಲ್ಲಿ ಫೋಟೊ ತೆಗೆದಿದ್ದರು. ಹುಡುಗಿ ಜಾರಿ ಕುರ್ಚಿಯ ಕೆಳಗೆ ಹೊಕ್ಕು ಕೆನ್ನೆಗೆ ಪಟಪಟನೆ ಹೊಡೆದುಕೊಳ್ಳತೊಡಗಿದಳು. ಡಾಕ್ಟರಮ್ಮ ದೀಪ ಆರಿಸಿ ನೆಲದ ಮೇಲೆ ಕುಳಿತರು. ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂದರು. ಕೀವಿನ ಔಷಧ ಬಹಳ ದಿನ ಕೊಡಲಾಗುವುದಿಲ್ಲ. ಹೀಗೆ ಆಗದಿದ್ದರೆ ಪ್ರಜ್ಞೆ ತಪ್ಪಿಸಲೇಬೇಕು, ಅಷ್ಟು ಖರ್ಚನ್ನು ಸಂಘ ಹೊರುವುದಿಲ್ಲ ಎಂದೂ ಹೇಳಿದರು.

ಹೊರಗೆ ಬಂದು ನಾನು ಬ್ರದರನ್ನು ಹಿಡಿದೆ. "ಫೋಟೊ ಯಾತಕ್ಕ ಬೇಕಿತ್ರಿ?"

"ಸಂಘದಾಗ ತೋರಸಬೇಕಾಗ್ತದ್ರೀ."

"ಯಾಕ, ನಿಮ್ಮ ಬ್ರದರುಗಳು ನಿಮ್ಮನ್ನ ನಂಬೂದಿಲ್ಲೇನು?"

"ನಂಬತಾರ್ರೀ. ಫೋಟೊ ನೋಡಿ ನಂಬತಾರ."

ತಾಯಿ ನನ್ನ ಸೆರಗು ಜಗ್ಗಿದಳು. "ಅಕ್ಕೋರ, ಜಗಳ ಬ್ಯಾಡ್ರಿ. ಸಿಟ್ಟಿಗೆದ್ದು ಬರಬ್ಯಾಡ ಅಂದ್ರ ಇದನ್ನ ಕಟಗೊಂಡು ಎಲ್ಲಿಗೆ ಹೋಗ್ಲಿ? ಬೇಕಂದ್ರ ನನ್ನ ಫೋಟೊ ಹೊಡಕೊಳ್ಳಲಿ."

ಮುಂದಿನ ವಾರ ನಮ್ಮನ್ನು ಬಾಗಿಲಲ್ಲೇ ತಿರುಗಿಸುತ್ತಾರೆಂದು ಲೆಕ್ಕ ಹಾಕಿಕೊಂಡೇ ಹೋದೆ. ತಿರುಗಿಸಲಿಲ್ಲ. ಬ್ರದರ್ ಅಲ್ಲೇ ನಿಂತಿದ್ದರು. ನಾನು ಕೈ ಚಾಚಿದೆ. "ಫೋನ್ ಕೊಡ್ರಿ."

ಅವರು ನಕ್ಕರು. ನಾನು ನಗಲಿಲ್ಲ.

"ಯಾರರ ಫೋನ್ ಹಚ್ಚಿದ್ರ?"

"ನಾ ಎತ್ತತೀನಿ."

ಕೊಟ್ಟರು. ನನ್ನ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದೆ. ಆಮೇಲಿನ ಗುರುವಾರಗಳಲ್ಲೂ ಅದೇ ಕ್ರಮ ನಡೆಯಿತು: ಮೊದಲು ಫೋನ್ ನನ್ನ ಕೈಗೆ, ಅನಂತರ ಹುಡುಗಿ ಒಳಗೆ. ಕುರ್ಚಿ ಆಯಿತು, ಕನ್ನಡಿ ಆಯಿತು. ಕೊನೆಗೆ ವಸಡಿಗೆ ಮರಗಟ್ಟುವ ಮುಲಾಮು ಹಚ್ಚಿ, ಸೂಜಿಯನ್ನು ಅಂಗೈಯಲ್ಲಿ ಮರೆಮಾಡಿ ಚುಚ್ಚಿ, ಡಾಕ್ಟರಮ್ಮ ಇಕ್ಕಳ ತೆಗೆದುಕೊಳ್ಳುವಷ್ಟರಲ್ಲಿ ನನ್ನ ಬ್ಯಾಗಿನಲ್ಲಿ ಫೋನ್ ಬಡಿದುಕೊಂಡಿತು. ಹುಡುಗಿಯ ಕಣ್ಣು ಈ ಕಡೆ ತಿರುಗಿತು. ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ನಾನು ಮೆಟ್ಟಿಲಿಗೆ ಓಡಿದೆ. ಒಳಗೆ ಬ್ರದರ್ ಉಳಿದರು, ಕಾವಲಿಲ್ಲದೆ.

"ಬ್ರದರ್, ಫೋಟೊ ಲಿಯೇ ಕ್ಯಾ?" ಎಂದಿತು ಫೋನಿನಲ್ಲಿ ಯಾವುದೋ ಗಂಡು ದನಿ.

ಇಲ್ಲ, ಮೊದಲು ಹಲ್ಲು ಎಂದು ಹಿಂದಿಯಲ್ಲೇ ಹೇಳಿ ಇಟ್ಟೆ.

ವಾಪಸು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹುಡುಗಿ ಹತ್ತಿ ಕಚ್ಚಿಕೊಂಡು ತಾಯಿಯ ತೊಡೆಯ ಮೇಲಿದ್ದಳು, ಅಳುತ್ತಿರಲಿಲ್ಲ. ಬ್ರದರ್ ಕೈ ಹಿಂದೆ ಕಟ್ಟಿ ಗೋಡೆಗೆ ಒರಗಿದ್ದರು; ನಾನು ಬಿಟ್ಟುಹೋದ ಜಾಗದಿಂದ ಅಲುಗಿದಂತೆ ಕಾಣಲಿಲ್ಲ. ನಾನು ಹುಳುಕು ಹಲ್ಲನ್ನು ಹತ್ತಿಯಲ್ಲಿ ಸುತ್ತಿಸಿ ಫೋನಿನ ಜೊತೆಗೆ ಅವರ ಕೈಗಿಟ್ಟೆ. "ಇದನ್ನ ತೋರಸ್ರಿ ನಿಮ್ಮ ಸಂಘದಾಗ."

"ಯಾರ ಹಲ್ಲು ಅಂತ ಕೇಳಿದ್ರ?"

"ಕೇಳಿದ್ರ ನನ್ನ ಕರ್ಕೊಂಡು ಹೋಗ್ರಿ. ಒಳಗ ಬಿಡತಾರೇನು?"

"ಇಲ್ರೀ. ಹೆಣ್ಮಕ್ಕಳನ್ನ ಬಿಡೂದಿಲ್ಲ," ಎಂದರು ಗಂಭೀರವಾಗಿ. ಹಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ರಾತ್ರಿ ತಾಯಿ ಮೇಲೆ ಬಂದು, ಮಗಳು ಮಜ್ಜಿಗೆ ಅನ್ನ ಉಂಡಳೆಂದು ಹೇಳಿಹೋದಳು. ಎಡಗಡೆ ಇನ್ನೊಂದು ಹುಳುಕು ಹಲ್ಲು ಬಾಕಿಯಿದೆ. ಬ್ರದರುಗಳು ಯಾಕೆ ಕೊಡುತ್ತಾರೆಂಬುದು ನನಗೆ ಈಗಲೂ ತಿಳಿದಿಲ್ಲ. ಗುರುವಾರ ಹೋಗುತ್ತೇವೆ.