ಹೊಟ್ಟೆ ತುಂಬಿದವರ ನಡಿಗೆ

ಹೊಟ್ಟೆ ತುಂಬಿದ ಮನುಷ್ಯರನ್ನು ನಡೆಸುವುದು ಎಷ್ಟು ಕಷ್ಟದ ಕೆಲಸ ಎಂದು ತಿಳಿಯಬೇಕಾದರೆ ಭಾನುವಾರ ಬೆಳಿಗ್ಗೆ ನಮ್ಮ ಕರಾವಳಿ ಊರಿನ ಬಿಜೈಯಲ್ಲಿ, ನಮ್ಮ ಮನೆಯ ಗೇಟಿನ ಹೊರಗೆ ಒಮ್ಮೆ ನನ್ನ ಜೊತೆ ನಿಲ್ಲಬೇಕು. ಒಬ್ಬರು ಕಂಪೌಂಡಿಗೆ ಒರಗಿ ಕಣ್ಣು ಮುಚ್ಚಿರುತ್ತಾರೆ. ಇನ್ನೊಬ್ಬರು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಲಾರದೆ ಗಂಡನ ಕಡೆ ಕಾಲು ಚಾಚಿರುತ್ತಾರೆ. ನಾನು ಕೈಯಲ್ಲಿ ಒಂದು ಸಣ್ಣ ಬಾವುಟ, ಮುಖದಲ್ಲಿ ಒಂದು ನಗು ಹಿಡಿದುಕೊಂಡು, “ಇನ್ನು ಲಾಲ್‌ಬಾಗ್ ಕಡೆ ನಡೆಯೋಣ, ಅಲ್ಲಿ ಬಿಸಿ ಬಿಸಿ ಬನ್ಸ್ ಉಂಟು” ಎನ್ನುತ್ತೇನೆ. ಬನ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಒಬ್ಬರಾದರೂ ಆಟೋ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ.

ಇದಕ್ಕೆಲ್ಲ ಕಾರಣ ನನ್ನ ಅತ್ತೆ. ತುಳುವಿನಲ್ಲಿ ನಾನು ಕರೆಯುವುದು ಮಾಮಿ ಎಂದು, ಆದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನಾನು ಹಂಪನಕಟ್ಟೆಯ ಬಳಿ ಒಂದು ಟಿಕೆಟ್ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಗಲ್ಫಿಗೆ ಹೋಗುವವರೆಲ್ಲ ನನ್ನ ಮೇಜಿನ ಮುಂದೆ ಕೂತು ಹೋದವರೇ. ಟಿಕೆಟ್ಟು ಎಲ್ಲರ ಫೋನಿನೊಳಗೆ ಹೊಕ್ಕ ಮೇಲೆ ಆಫೀಸು ಮುಚ್ಚಿತು. ಮನೆಯಲ್ಲಿ ಕೂರುವುದು ನನ್ನಿಂದ ಆಗುವ ಮಾತಲ್ಲ. ಹೊರಗಿನಿಂದ ಬಂದವರಿಗೆ ಊರು ತೋರಿಸುತ್ತಾ, ತಿನ್ನಿಸುತ್ತಾ ನಡೆಸುವ ಪ್ರವಾಸವೊಂದನ್ನು ಶುರು ಮಾಡಿದೆ. ನನ್ನ ಗಂಡ ಅದನ್ನು ಕೇಳಿ ಪೇಪರ್ ಕೆಳಗಿಟ್ಟು, “ನಡೀಲಿಕ್ಕೆ ನಿಂಗೆ ದುಡ್ಡು ಕೊಡ್ತಾರಾ ಮಾರಾಯ್ತಿ?” ಎಂದು ಕೇಳಿದ್ದರು. ಕೊಟ್ಟರು. ಮೊದಲ ಬಾರಿಗೆ ನನ್ನದೇ ಎನ್ನುವಂಥ ಒಂದು ಕೆಲಸ ಕೈಗೆ ಬಂತು.

ನಡಿಗೆ ಶುರುವಾಗುವುದು ಕದ್ರಿ ಕಂಬಳದಲ್ಲಿ. ಹಿಂದೆ ಗದ್ದೆಯಿದ್ದ ಆ ಕಡೆ ಈಗ ಕಾಫಿಯ ಹೊಸ ಅಂಗಡಿಗಳು. ಅವುಗಳ ಗೋಡೆಗೆ ಸಾರಣೆ ಇಲ್ಲ, ಇಟ್ಟಿಗೆ ಹಾಗೆಯೇ ಕಾಣುತ್ತದೆ. ನಮ್ಮ ಕಾಲದಲ್ಲಿ ಸಾರಣೆಯಿಲ್ಲದ ಗೋಡೆ ಎಂದರೆ ಮನೆ ಕಟ್ಟುವವನ ದುಡ್ಡು ಮುಗಿಯಿತು ಎಂದು ಅರ್ಥ. ಈಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಒಂದು ಗುಟುಕು ಕಾಫಿ. ಅಲ್ಲಿಂದ ಬಿಜೈಗೆ, ನಮ್ಮ ಮನೆಗೆ. ಆಮೇಲೆ ಲಾಲ್‌ಬಾಗಿನ ಹಳೆಯ ಹೊಟೇಲಿನಲ್ಲಿ ಬಾಳೆಹಣ್ಣು ಕಲಸಿ ಕರಿದ ಬನ್ಸ್. ಕೊನೆಗೆ ಮಣ್ಣಗುಡ್ಡೆಯ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಗಡ್‌ಬಡ್. ಎಲ್ಲಿಯೂ ರುಚಿ ನೋಡುವಷ್ಟೇ ತಿನ್ನಬೇಕು, ಮತ್ತೆ ನಡೆಯಬೇಕು. ಈ ವ್ಯವಹಾರ ನಿಂತಿರುವುದೇ ಅದರ ಮೇಲೆ.

ಮನೆಯನ್ನು ಸೇರಿಸಿದ್ದು ನಾನೇ. ಮಾಮಿಯ ನೀರುದೋಸೆ, ಕೋಳಿ ಸುಕ್ಕ ತಿಂದವರು ಯಾರೂ ಮರೆತದ್ದಿಲ್ಲ. ಸುತ್ತಲೂ ಫ್ಲ್ಯಾಟುಗಳೆದ್ದಿರುವ ಬೀದಿಯಲ್ಲಿ ಹೆಂಚಿನ ಮನೆ, ಅಂಗಳ, ಬಾವಿ. ಜನರಿಗೆ ಇನ್ನೇನು ಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಮಾಮಿಗೂ ಮೊದಲೇ ಬಿಡಿಸಿ ಹೇಳಿದ್ದೆ. ಒಬ್ಬೊಬ್ಬರಿಗೆ ಒಂದು ದೋಸೆ, ಎರಡು ತುಂಡು ಕೋಳಿ, ಅಷ್ಟೇ.

“ಆಯ್ತು ಮಗಾ,” ಎಂದಿದ್ದರು ಮಾಮಿ. ಅವರು ‘ಆಯ್ತು’ ಎಂದರೆ ಕೇಳಿಸಿತು ಎಂದು ಮಾತ್ರ ಅರ್ಥ ಎಂಬುದನ್ನು ನಾನು ಇಷ್ಟು ವರ್ಷ ಸಂಸಾರ ಮಾಡಿಯೂ ಕಲಿತಿರಲಿಲ್ಲ.

ಮೊದಲ ಭಾನುವಾರ ಅವರು ಇಸ್ತ್ರಿ ಹಾಕಿದ ಹತ್ತಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. “ಬಲೆ, ಕುಳ್ಳುಲೆ,” ಬನ್ನಿ, ಕೂತುಕೊಳ್ಳಿ ಎಂದು ಎಲ್ಲರನ್ನೂ ಒಳಗೆ ಕರೆದು ಊಟದ ಮೇಜಿನ ಸುತ್ತ ಕೂರಿಸಿದರು. ದೊಡ್ಡ ಸ್ಟೀಲಿನ ತಟ್ಟೆ ಇಟ್ಟರು. ಒಲೆಯಿಂದ ಇಳಿದದ್ದು ಇಳಿದ ಹಾಗೆ ನೀರುದೋಸೆ ಬರತೊಡಗಿತು. ನೀರುದೋಸೆಯ ಗುಣವೇ ಹಾಗೆ. ತೆಳು, ಬಿಳಿ, ನಾಲ್ಕು ಮಡಿಕೆ. ಒಂದರ ಮೇಲೆ ಇನ್ನೊಂದು ಬಿದ್ದರೆ ಎಷ್ಟಾಯಿತು ಎಂದು ತಿನ್ನುವವರಿಗೆ ಗೊತ್ತಾಗುವುದಿಲ್ಲ, ಬಡಿಸುವವರು ನೋಡುವುದಿಲ್ಲ.

ಅದಕ್ಕೆ ನನ್ನದೇ ಬುದ್ಧಿವಂತಿಕೆಯೂ ಸೇರಿಕೊಂಡಿತ್ತು. ದಾರಿಯಲ್ಲಿ ಬರುವಾಗ ನಾನು ಎಲ್ಲರಿಗೂ ಹೇಳಿದ್ದೆ, ಇದು ಹೊಟೇಲಲ್ಲ, ಮನೆ. ದಯವಿಟ್ಟು ತಟ್ಟೆಯಲ್ಲಿ ಏನನ್ನೂ ಬಿಡಬೇಡಿ, ಹಿರಿಯರಿಗೆ ಬೇಸರವಾಗುತ್ತದೆ ಎಂದು. ಪಾಪ, ಅವರು ಮರ್ಯಾದಸ್ಥರು. ತಟ್ಟೆ ಖಾಲಿ ಮಾಡಿದರು. ಮಾಮಿಯ ಮನೆಯಲ್ಲಿ ಖಾಲಿ ತಟ್ಟೆ ಎಂದರೆ ಹಸಿವು ಇನ್ನೂ ಹೋಗಿಲ್ಲ ಎಂದು. ಮತ್ತೆ ಹಾಕಿದರು. ಅವರು ಮತ್ತೆ ಖಾಲಿ ಮಾಡಿದರು. ‘ಸಾಕು’ ಎಂಬ ಮಾತಿಗೂ ಇಲ್ಲಿ ಬೆಲೆಯಿಲ್ಲ. ಮೊದಲ ಸಲ ‘ಸಾಕು’ ಎಂದರೆ ನಾಚಿಕೆ, ಎರಡನೆಯ ಸಲ ಎಂದರೆ ಉಪಚಾರ. ತಟ್ಟೆಗೆ ಕೈ ಅಡ್ಡ ಹಿಡಿದು ಮುಖ ಸಣ್ಣದು ಮಾಡಿದರೆ ಮಾತ್ರ ಮಾಮಿ ಸ್ವಲ್ಪ ಯೋಚಿಸುತ್ತಾರೆ. ಪುಣೆಯಿಂದ ಬಂದವರಿಗೆ ಇದೆಲ್ಲ ಹೇಗೆ ಗೊತ್ತಿರಬೇಕು?

ಬಡಿಸುವಾಗ ಮಾಮಿಯ ವಿಚಾರಣೆ ಬೇರೆ. ಮಾವ ಮುಂಬಯಿಯಲ್ಲಿ ಹೊಟೇಲು ನಡೆಸುತ್ತಿದ್ದಾಗ ಕಲಿತ ಹಿಂದಿ ಅವರಲ್ಲಿ ಇನ್ನೂ ಇದೆ. ನಿಮ್ಮ ಮನೆ ಎಲ್ಲಿ, ಅಮ್ಮ ಹೇಗಿದ್ದಾರೆ, ಅವರಿಗೆ ಮಂಡಿ ನೋವುಂಟಾ, ಯಾವ ಎಣ್ಣೆ ಹಚ್ಚುತ್ತಾರೆ. ಒಬ್ಬಳು ಹುಡುಗಿ ಅಲ್ಲಿಯೇ ತನ್ನ ಅಮ್ಮನಿಗೆ ಫೋನ್ ಮಾಡಿ ಮಾಮಿಯ ಕೈಗೆ ಕೊಟ್ಟಳು. ನಾನು ಬಾಗಿಲಲ್ಲಿ ಬಾವುಟ ಹಿಡಿದು ಗಡಿಯಾರ ನೋಡುತ್ತಾ ನಿಂತಿದ್ದೆ. ಎಣ್ಣೆಯ ವಿಷಯ ಮುಗಿಯುವಂತೆ ಕಾಣಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಇದೇ ಹಾಡು. ಬನ್ಸಿನ ಹೊಟೇಲಿಗೆ ಅರ್ಧ ಜನ ಬರುತ್ತಾರೆ, ಅವರೂ ಬನ್ಸನ್ನು ಬೆರಳಲ್ಲಿ ಒತ್ತಿ ನೋಡಿ ಬಿಡುತ್ತಾರೆ. ಗಡ್‌ಬಡ್‌ಗೆ ಉಳಿಯುವುದು ಯಾವನಾದರೂ ಒಬ್ಬ ಹಟಮಾರಿ. ಐಸ್‌ಕ್ರೀಮ್ ಅಂಗಡಿಯ ಯಜಮಾನರು ಭಾನುವಾರದ ಗಿರಾಕಿಗಳನ್ನು ಬದಿಗೆ ಸರಿಸಿ ನನಗಾಗಿ ದೊಡ್ಡ ಮೇಜು ಕಾದಿರಿಸುತ್ತಿದ್ದರು. ಒಂದು ದಿನ ಅವರು, “ಮೇಡಂ, ನಿಮ್ಮ ಜನ ಬರೋದುಂಟಾ ಅಥವಾ ಸುಮ್ಮನೆ ಹೇಳೋದಾ?” ಎಂದಾಗ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಇಂಟರ್‌ನೆಟ್ಟಿನಲ್ಲಿ ಜನ ಬರೆಯುವುದೂ ಶುರುವಾಯಿತು. ಮನೆ ಅದ್ಭುತ, ಅಜ್ಜಿ ದೇವತೆ, ಆದರೆ ಉಳಿದ ಪ್ರವಾಸ ಮುಗಿಸಲಾಗಲಿಲ್ಲ, ವ್ಯವಸ್ಥೆ ಸರಿಯಿಲ್ಲ. ಅಜ್ಜಿಗೆ ಹೊಗಳಿಕೆ, ನಕ್ಷತ್ರ ಕಡಿಮೆ ನನಗೆ!

ನಾನು ಸುಮ್ಮನಿರಲಿಲ್ಲ. ಒಂದು ವಾರ ಶನಿವಾರ ರಾತ್ರಿ ನಾನೇ ಅಕ್ಕಿ ಅರೆದೆ, ಸ್ವಲ್ಪವೇ. ಬೆಳಿಗ್ಗೆ ನೋಡಿದರೆ ಹಿಟ್ಟಿನ ಪಾತ್ರೆ ತುಂಬಿತ್ತು. ಮಾಮಿ ನಸುಕಿನಲ್ಲಿ ಎದ್ದು ಇನ್ನೊಂದು ಸಲ ಅರೆದಿದ್ದರು. ಇನ್ನೊಂದು ವಾರ ಮನೆಯನ್ನೇ ಕೊನೆಗೆ ಇಟ್ಟೆ. ಮೊದಲು ಬನ್ಸ್, ಗಡ್‌ಬಡ್, ಆಮೇಲೆ ಬಿಜೈ. ಅದು ಇನ್ನೂ ದೊಡ್ಡ ಎಡವಟ್ಟಾಯಿತು. ಬಂದವರು ಹೊಟ್ಟೆ ತುಂಬಿದೆ ಎಂದು ಕೈ ಮುಗಿದರು. ಮಾಮಿ ಅವರೆದುರು ನಗುತ್ತಲೇ ಇದ್ದು, ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು.

“ಊರಿಡೀ ತಿನ್ನಿಸಿ ಕಡೆಗೆ ನಮ್ಮ ಮನೆಗೆ ಕೈ ತೊಳೀಲಿಕ್ಕೆ ಕರ್ಕೊಂಡು ಬಂದದ್ದಾ?”

“ಹಾಗಲ್ಲ ಮಾಮಿ, ಇದು ರುಚಿ ನೋಡ್ಲಿಕ್ಕೆ ಮಾತ್ರ. ಮಾವನ ಹೊಟೇಲಿನಲ್ಲಿ ಪ್ಲೇಟಿಗೆ ಇಷ್ಟು ಅಂತ ಲೆಕ್ಕ ಇರ್ಲಿಲ್ವಾ?”

“ಹೊಟೇಲಿಗೆ ಲೆಕ್ಕ ಉಂಟು. ಮನೆಗೆ ಎಂತ ಲೆಕ್ಕ?” ಎಂದರು. “ಒಂದು ದೋಸೆ ಹಾಕಿ ಏಳಿ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ. ನೀನು ಬೇಕಾದ್ರೆ ಹೇಳು.”

ರಾತ್ರಿ ಗಂಡನ ಹತ್ತಿರ ಹೇಳಿಕೊಂಡೆ. ಅವರು ಅಮ್ಮನ ಪಕ್ಷವೇ. “ನೋಡು, ಅಪ್ಪ ಇದ್ದಾಗ ನಮ್ಮ ಚಾವಡಿಯಲ್ಲಿ ದಿನಾ ಯಾರಾದ್ರೂ ಇರ್ತಿದ್ರು. ಈಗ ಯಾರು ಯಾರ ಮನೆಗೆ ಬರ್ತಾರೆ ಹೇಳು? ಮದುವೆಯೂ ಹಾಲ್‌ನಲ್ಲಿ, ಸತ್ತವರ ಬೊಜ್ಜವೂ ಹಾಲ್‌ನಲ್ಲಿ. ನೆಂಟರ ಮುಖ ನೋಡುದು ಅಲ್ಲೇ. ಅಮ್ಮನಿಗೆ ಆದಿತ್ಯವಾರ ಅಂದ್ರೆ ಈಗ ಹಬ್ಬ.” ಅದು ಸತ್ಯವೇ ಇರಬಹುದು. ಆದರೆ ಹಬ್ಬದ ಮರುದಿನ ಬೈಗುಳ ಓದುವವಳು ನಾನು ಎಂದು ನನಗೆ ಮೈ ಉರಿಯಿತು. ಭಾನುವಾರ ಬೆಳಿಗ್ಗೆ ಬಂದರಿನ ಧಕ್ಕೆಗೆ ಮೀನಿಗೆಂದು ಹೋಗಿ ಎಲ್ಲ ಮುಗಿದ ಮೇಲೆ ಬರುವ ಮನುಷ್ಯ ಅವರು. ಗೇಟಿನ ಹೊರಗೆ ಒಂದು ದಿನವೂ ನಿಂತವರಲ್ಲ.

ಕೊನೆಗೆ ನಾನೇ ಗಟ್ಟಿ ಮನಸ್ಸು ಮಾಡಿದೆ. ಅಡಿಕೆ ಹಾಳೆಯ ಸಣ್ಣ ಸಣ್ಣ ಬಟ್ಟಲುಗಳನ್ನು ಕೊಂಡು ತಂದೆ. ಅಂಗೈಯಲ್ಲಿ ಹಿಡಿಯುವಷ್ಟು, ನೋಡಲು ಬಹಳ ಚಂದ. ಮಾಮಿ ಒಂದನ್ನು ಎತ್ತಿ ತಿರುಗಿಸಿ ನೋಡಿದರು.

“ಇದು ಬೆಕ್ಕಿಗಾ?”

ನಾನು ಆ ಭಾನುವಾರ ಬೇಗ ದೋಸೆ ಹೊಯ್ಯಿಸಿ ಹಾಟ್‌ಕೇಸಿಗೆ ತುಂಬಿದೆ. “ನೀವು ಆರಾಮ ಮಾಡಿ ಮಾಮಿ, ನಿಮ್ಮ ಕಾಲು ನೋವಿಗೆ ನಿಲ್ಲುದು ಬೇಡ,” ಎಂದೆ. ಕಾಲು ನೋವಿನ ನೆಪ ಅವರಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು. ಅವರು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅಂಗಳದಲ್ಲಿ ಒಂದು ಮೇಜು ಹಾಕಿ ನಾನೇ ಬಡಿಸಿದೆ. ಬಟ್ಟಲಿಗೆ ಒಂದು ದೋಸೆ, ಮೇಲೆ ಚಮಚದಲ್ಲಿ ಸುಕ್ಕ. ಎಲ್ಲರೂ ನಿಂತು ತಿಂದರು, ಬಾವಿಕಟ್ಟೆಯ ಮೇಲೆ ಬಟ್ಟಲಿಟ್ಟು ಫೋಟೋ ತೆಗೆದರು, ಕೈ ಒರೆಸಿಕೊಂಡರು. ಯಾರಿಗೂ ಚಪ್ಪಲಿ ಬಿಚ್ಚುವ ಕೆಲಸವೇ ಬರಲಿಲ್ಲ.

ಅವತ್ತಿನ ನಡಿಗೆಯನ್ನು ನಾನು ಮರೆಯುವ ಹಾಗಿಲ್ಲ. ಬನ್ಸ್ ಮುಗಿದು ಇನ್ನೊಂದು ತಟ್ಟೆ ತರಿಸಬೇಕಾಯಿತು. ದಾರಿಯಲ್ಲಿ ನಗು, ಪ್ರಶ್ನೆ, ಉತ್ಸಾಹ. ಐಸ್‌ಕ್ರೀಮ್ ಅಂಗಡಿಯ ದೊಡ್ಡ ಮೇಜು ತುಂಬಿತು. ಯಜಮಾನರು ತಾವೇ ಬಂದು, ಎತ್ತರದ ಗ್ಲಾಸಿನ ತಳದಲ್ಲಿ ಹಣ್ಣು ಮೊದಲೋ ಜೆಲ್ಲಿ ಮೊದಲೋ ಎಂದು ವಿವರಿಸಿದರು. ಹೋಗುವಾಗ ಒಬ್ಬರು ನನ್ನ ಕೈ ಕುಲುಕಿ, ಎಲ್ಲವೂ ಎಷ್ಟು ಅಚ್ಚುಕಟ್ಟು ಎಂದರು. ಅಚ್ಚುಕಟ್ಟು! ಆ ಮಾತನ್ನು ಬಾಯಲ್ಲಿ ಚಪ್ಪರಿಸುತ್ತಾ ಮನೆಗೆ ಬಂದೆ.

ಮಾಮಿ ಅಡುಗೆಮನೆಯ ಸ್ಟೂಲಿನಲ್ಲಿ ಕೂತಿದ್ದರು. ಇಸ್ತ್ರಿಯ ಸೀರೆ ಉಟ್ಟೇ ಇದ್ದರು. ಬಾವುಟವನ್ನು ಮೂಲೆಗೆ ಒರಗಿಸಿ ನಾನು ನೀರು ಕುಡಿಯುತ್ತಿದ್ದೆ.

“ಇವತ್ತು ಯಾರೂ ಬರ್ಲಿಲ್ಲ ಅಲ್ವಾ ಮಗಾ?” ಎಂದರು.

ನಾನು ತಿರುಗಿ ನೋಡಿದೆ. ಮರೆವಿನ ಮಾತಾಗಿರಲಿಲ್ಲ ಅದು. ಅವರ ಮರೆವು ನನಗಿಂತ ಕಡಿಮೆ. ಕುಟುಕುವುದಕ್ಕೂ ಹೇಳಿದ್ದಲ್ಲ, ಕುಟುಕುವಾಗ ಅವರ ದನಿಯೇ ಬೇರೆ.

“ಬಂದಿದ್ರಲ್ಲ ಮಾಮಿ. ನೀವು ಕಿಟಕಿಯಿಂದ ನೋಡಿದ್ರಲ್ಲ.”

“ಅದು ಅಂಗಳದಲ್ಲಿ ನಿಂತು ಹೋದವರು. ನಾನು ಕೇಳಿದ್ದು ಮನೆಗೆ ಬಂದವರನ್ನು.”

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನದ ಮೇಲೆ ಒಂದು ಕೆಲಸ ಸರಿಯಾಗಿ ಆಗಿದೆ, ಅದನ್ನೂ ಹೀಗೆ ಒಂದು ಮಾತಿನಲ್ಲಿ ಹಾಳು ಮಾಡಬೇಕೇ? ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ಗ್ಯಾಸ್ ಹಚ್ಚಿ, ಕಾವಲಿ ಇಟ್ಟಿದ್ದರು.

“ಹಿಟ್ಟು ಉಂಟು. ನೀನು ಕೂತ್ಕೋ.”

“ನನ್ನ ಹೊಟ್ಟೆ ತುಂಬಿದೆ ಮಾಮಿ.”

“ನಿಂತು ತಿಂದದ್ದು ಹೊಟ್ಟೆಗೆ ಹೋಗುದಿಲ್ಲ. ಕೂತ್ಕೋ.”

ಕೂತೆ. ಕೂರದೆ ನಿರ್ವಾಹವಿರಲಿಲ್ಲ. ದೊಡ್ಡ ಸ್ಟೀಲಿನ ತಟ್ಟೆ ಬಂತು, ಅದರ ಮೇಲೆ ಬಿಸಿ ದೋಸೆ, ಬದಿಗೆ ಸುಕ್ಕ. ನಾನು ಮುಖ ಗಂಟು ಹಾಕಿಕೊಂಡೇ ತಿಂದೆ. ಎರಡನೆಯದು ಹಾಕುವಾಗ, “ಬೆಳಿಗ್ಗೆಯಿಂದ ಎಷ್ಟು ನಡೆದೆ? ಕಾಲು ನೋವುಂಟಾ?” ಎಂದರು. ಮೂರನೆಯದಕ್ಕೆ, “ಆ ಐಸ್‌ಕ್ರೀಮಿನವರು ಈಗ ಚಂದ ಮಾತಾಡ್ತಾರಾ?” ಎಂದರು. ಅವರಿಗೆ ಅದೂ ಗೊತ್ತಿತ್ತು. ನಾನು ಬೇಡ ಬೇಡವೆಂದರೂ ಉತ್ತರ ಕೊಡುತ್ತಾ ಹೋದೆ. ಕಾಲು ನೋವಿನದು ಹೇಳಿದೆ, ಮುಚ್ಚಿದ ಆಫೀಸಿನದು ಹೇಳಿದೆ, ಒಂದು ಬೈಗುಳ ಓದಿದ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತದ್ದನ್ನೂ ಹೇಳಿದೆ. ಆ ಮೇಜಿನಲ್ಲಿ ಕೂತ ಪುಣೆಯವರು, ಹೈದರಾಬಾದಿನವರು ಏಕೆ ಏಳುತ್ತಿರಲಿಲ್ಲ ಎಂದು ನನಗೆ ಅವತ್ತು ಅರ್ಥವಾಯಿತು, ಮತ್ತು ಅರ್ಥವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಗೊತ್ತಾದ ಮೇಲೆ ಹಾಳೆ ಬಟ್ಟಲು ಹಿಡಿಯುವುದು ಹೇಗೆ? ಹಿಡಿಯದಿದ್ದರೆ ನನ್ನ ನಡಿಗೆಯ ಗತಿ ಏನು?

“ಸಾಕು ಮಾಮಿ,” ಎಂದೆ. ಅವರಿಗೆ ಕೇಳಿಸಲಿಲ್ಲ. “ಸಾಕು,” ಎಂದೆ ಮತ್ತೊಮ್ಮೆ, ತಟ್ಟೆಗೆ ಕೈ ಅಡ್ಡ ಇಟ್ಟು.

ಮಾಮಿ ಕಾವಲಿಯ ಮುಚ್ಚಳ ತೆಗೆದು, ನನ್ನ ಕಡೆ ನೋಡದೆ ಕೇಳಿದರು.

“ಬರುವ ಆದಿತ್ಯವಾರ ಯಾರಾದ್ರೂ ಬರ್ತಾರಾ?”

ಮಣ್ಣಗುಡ್ಡೆಯ ದೊಡ್ಡ ಮೇಜು, ಅಚ್ಚುಕಟ್ಟು ಎಂದವರ ಮುಖ, ಅದರ ಹಿಂದೆ ಗೇಟಿನ ಹೊರಗೆ ಆಟೋ ಹುಡುಕುವವರ ಸಾಲು, ಎಲ್ಲ ನನ್ನ ಕಣ್ಣ ಮುಂದೆ ಬಂತು.

“ಬರ್ತಾರೆ ಮಾಮಿ,” ಎಂದೆ. “ಒಳಗೇ ಕೂತ್ಕೊಳ್ತಾರೆ.”

ಅವರು ದೋಸೆಯನ್ನು ಮಡಚಿ ತಂದು, ತಟ್ಟೆಗೆ ಅಡ್ಡ ಹಿಡಿದಿದ್ದ ನನ್ನ ಕೈಯ ಮೇಲೆಯೇ ಹಾಕಿದರು. ಬಿಸಿಯಿತ್ತು.