ಭಾವುಸಾಹೇಬರ ಬೂಟು ಕದ್ದವನು

ಜುಗೂಳ ಊರಿನ ಹಿಂದಿನ ಓಣಿಯಲ್ಲಿ ಆ ಮನುಷ್ಯನನ್ನು ಮೊದಲ ಸಲ ಕಂಡಾಗ ಈ ಸಾಲು ಬರೆಯುತ್ತಿರುವವನಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ: ಇವನು ಚಪ್ಪಲಿ ಕಳ್ಳ. ತಲೆಗೆ ಟವೆಲ್, ಬರಿಗಾಲು, ಕಂಕುಳಲ್ಲಿ ಒಂದು ಜೊತೆ ಬೂಟು, ಗೋಡೆ ಸವರಿಕೊಂಡು ನಡೆಯುವ ನಡಿಗೆ. ಇನ್ನೇನು ಬೇಕು? ಕಟ್ಟೆಯ ಮೇಲೆ ಕುಳಿತವರೆಲ್ಲ ಹಾಗೇ ತಿಳಿದಿದ್ದರು ಎಂಬುದೊಂದು ಸಮಾಧಾನ. ಆ ಕಳ್ಳ ಯಾರು, ಆ ಬೂಟು ಎಲ್ಲಿಂದ ಬಂತು ಎಂಬುದನ್ನು ಮೊದಲಿನಿಂದ ಹೇಳಿದರೇ ಸರಿ.

ಕಾಗವಾಡದ ಭಾವುಸಾಹೇಬರ ಕೆಲಸ ಬೀಗತನ ಕೂಡಿಸುವುದು. ಈ ಮನೆಯ ಹುಡುಗಿ, ಆ ಮನೆಯ ಹುಡುಗ, ನಡುವೆ ಭಾವುಸಾಹೇಬರು. ಸುತ್ತಲಿನ ಜೈನ ಮನೆತನಗಳಲ್ಲಿ ಮೂವತ್ತೊಂದು ಮದುವೆ ಕೂಡಿಸಿ ಕರಿ ಡೈರಿಯಲ್ಲಿ ಬರೆದಿಟ್ಟಿದ್ದರು. “ಚಿಕ್ಕೋಡಿಯಿಂದ ಅಥಣಿತನಕ ಹೋಗ್ರಿ, ಈ ಮಾರಿ ಗುರುತಿಲ್ದ ಮನಿ ಒಂದ ತೋರಸ್ರಿ ನೋಡೂಣು,” ಎಂದು ತಮ್ಮ ಗಲ್ಲವನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಈ ಮಾತನ್ನು ಯಾರೂ ಅಲ್ಲಗಳೆದಿರಲಿಲ್ಲ. ಯಾರೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ ಎನ್ನುವುದು ಬೇರೆ ಮಾತು.

ತೊಂದರೆ ಎಂದರೆ ವರ ಕನ್ಯೆಯರು ಬಸ್ ನಿಲ್ಲುವ ಜಾಗದಲ್ಲೇ ಹುಟ್ಟುವುದಿಲ್ಲ. ಕಬ್ಬಿನ ಹೊಲಗಳಾಚೆ, ತೋಟದ ಮನೆಗಳಲ್ಲಿ ಬೆಳೆಯುತ್ತಾರೆ. ಅಲ್ಲಿಗೆ ಹೋಗುವುದೋ ಎತ್ತಿನ ಗಾಡಿ ಕೊರೆದ ಹಾದಿ. ಮಳೆಗಾಲದಲ್ಲಿ ಎರೆಮಣ್ಣು, ಉಳಿದ ಕಾಲದಲ್ಲಿ ಜಾಲಿಮುಳ್ಳು. ಹಳೆಯ ಸೈಕಲ್ಲಿನ ಟ್ಯೂಬು ಪಂಕ್ಚರಿನ ತೇಪೆಯಿಂದಲೇ ಆದಂತಾಗಿತ್ತು. ಹಾಗಾಗಿ ತೊಂಬತ್ತನಾಲ್ಕರಲ್ಲಿ ಮಿರಜಕ್ಕೆ ಹೋಗಿ, ದಪ್ಪ ಗಾಲಿಯ ಕೆಂಪು ಸೈಕಲ್ ತಂದರು. ಗುಡ್ಡ ಹತ್ತುವ ಸೈಕಲ್ ಎಂದು ಅಂಗಡಿಯವನು ಹೇಳಿದ. ಕಾಗವಾಡದಲ್ಲಿ ಗುಡ್ಡ ಎಲ್ಲಿದೆ ಎಂದು ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಗಾಲಿ ಗೆದ್ದಿತು, ಕಾಲು ಸೋತಿತು. ಆ ಸೈಕಲ್ಲಿನ ಪೆಡಲಿಗೆ ಗರಗಸದಂಥ ಹಲ್ಲು. ಭಾವುಸಾಹೇಬರ ಕಾಲಿನಲ್ಲಿದ್ದದ್ದು ನಡೆದರೆ ಕರ್ರಕರ್ರ ಎನ್ನುವ ಕೊಲ್ಹಾಪುರಿ. ತಾವು ಬರುವುದು ನಾಲ್ಕು ಮನೆ ಮೊದಲೇ ಗೊತ್ತಾಗಲಿ ಎಂದು ಹೇಳಿ ಮಾಡಿಸಿದ್ದು. ಅದರ ನುಣುಪಾದ ಅಟ್ಟೆ ಗಾಡಿಹಾದಿಯ ಮೊದಲ ಕುಣಿಯಲ್ಲೇ ಪೆಡಲಿನಿಂದ ಜಾರಿತು, ಪೆಡಲು ತಿರುಗಿ ಬಂದು ಮೊಳಕಾಲಿನ ಕೆಳಗೆ ಕಚ್ಚಿತು. ಹವಾಯಿ ಚಪ್ಪಲಿ ಹಾಕಿದರೆ ಅದು ಎರೆಮಣ್ಣಿನಲ್ಲೇ ಉಳಿದು ಕಾಲು ಮಾತ್ರ ಮುಂದೆ ಬಂತು. ಶಾಲೆ ಹುಡುಗರ ಕ್ಯಾನ್ವಾಸ್ ಬೂಟು ತಂದರು. ಅದರ ತೆಳು ತಳದೊಳಗಿಂದ ಪೆಡಲಿನ ಒಂದೊಂದು ಹಲ್ಲನ್ನೂ ಎಣಿಸಬಹುದಿತ್ತು. ಅದಕ್ಕಿಂತ ದೊಡ್ಡ ಸಂಕಟ ಅದರ ಲಾಡಿ. ಮನೆಮನೆಯ ಹೊಸ್ತಿಲಲ್ಲಿ ಬಿಚ್ಚಬೇಕು, ಕಟ್ಟಬೇಕು. ಬೀಳ್ಕೊಡಲು ಬಂದ ಯಜಮಾನರು ಕೈಮುಗಿದುಕೊಂಡೇ ನಿಂತಿರುತ್ತಾರೆ, ಇವರು ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಗಂಟು ಹಾಕುತ್ತಿರುತ್ತಾರೆ. ಮೂವತ್ತೊಂದು ಮದುವೆ ಮಾಡಿಸಿದವರಿಗೆ ಇದು ಒಪ್ಪುವ ಭಂಗಿಯಲ್ಲ.

ಕೊನೆಗೆ ಬಸ್ಸಿನ ನೆತ್ತಿಗೆ ಸೈಕಲ್ ಏರಿಸಿ, ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಕಾಳವ್ವನ ಹತ್ತಿರ ಹೋದರು. ಕೊಲ್ಹಾಪುರಿ ಮಾಡಿಕೊಟ್ಟವಳೂ ಅವಳೇ. ಅವಳು ಕಾಲು ನೋಡುವ ಮೊದಲು ಸೈಕಲ್ ನೋಡಿದಳು.

“ಸ್ಟ್ಯಾಂಡ್ ಹಚ್ಚಿ ಏರಿ ಕುಂದರ್ರಿ ಸಾವ್ಕಾರ್ರ. ತುಳೀರಿ.”

“ಇಲ್ಲೇ? ಬಜಾರದಾಗ?”

“ಮತ್ತ ನಿಮ್ಮ ಕಾಲು ಏನ ಮಾಡತೈತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?”

ಅಥಣಿಯ ಪೇಟೆ ಬೀದಿಯಲ್ಲಿ ಭಾವುಸಾಹೇಬರು ನಿಂತಲ್ಲೇ ಹತ್ತು ನಿಮಿಷ ಸೈಕಲ್ ತುಳಿದರು. ಕಾಳವ್ವ ನೆಲದ ಮೇಲೆ ಕುಳಿತು, ಪಾದದ ಯಾವ ಭಾಗ ಪೆಡಲಿನ ಮೇಲೆ ಊರುತ್ತದೆ, ಹಿಮ್ಮಡಿ ಎಲ್ಲಿ ಏಳುತ್ತದೆ ಎಂದು ಸೀಮೆಸುಣ್ಣದಿಂದ ಅವರ ಕಾಲಿಗೇ ಗೆರೆ ಎಳೆದಳು.

“ಅಳತಿ ಈಗ ಬ್ಯಾಡ, ಸಂಜೀಕ ಬರ್ರಿ. ಮುಂಜಾನಿ ಅಳತಿ ಬೂಟು ಸಂಜೀಕ ಹಿಡಿಯಾಂಗಿಲ್ಲ. ದಿನಾ ತುಳದ್ರ ಕಾಲು ಬಾಯತಾವ.”

“ಎರಡ ಮಾತ ಕಾಳವ್ವ. ಒಂದು, ಇನ್ನ ಮ್ಯಾಲ ತೊಗಲ ಬ್ಯಾಡ. ನಾ ಈಗ ದಿನಾ ಬಸದಿಗೆ ಹೋಗಾಂವ.”

“ತೊಗಲ ಹೊಲಿಯಾಕಿ ಹಂತ್ಯಾಕ ಬಂದು ತೊಗಲ ಬ್ಯಾಡ ಅಂತೀರಿ. ಆತ ಬಿಡ್ರಿ. ಇನ್ನೊಂದು?”

“ಕರ್ರಕರ್ರ ಸಪ್ಪಳ ಬರಬೇಕು.”

ಕಾಳವ್ವ ತಲೆ ಎತ್ತಿದಳು. “ಸೈಕಲ್ ಮ್ಯಾಲ ಕುಂತವರ ಕಾಲು ನೆಲಾನ ಮುಟ್ಟಾಂಗಿಲ್ಲ. ಆ ಸಪ್ಪಳ ಯಾರಿಗಿ ಕೇಳಸಬೇಕ್ರಿ, ಪೆಡಲಿಗೇನು?”

ಎಂಟು ದಿನಕ್ಕೆ ಬೂಟು ಸಿದ್ಧವಾಯಿತು. ತಳಕ್ಕೆ ಸೈಕಲ್ ಟೈರು, ಪೆಡಲಿನ ಹಲ್ಲು ಕಚ್ಚಿ ಹಿಡಿಯಲಿ ಎಂದು. ಅದರ ಮೇಲೆ ಹಿಟ್ಟಿನ ಗಿರಣಿಯ ಹಳೆಯ ಪಟ್ಟಾ, ಆ ಹಲ್ಲು ಕಾಲಿಗೆ ತಾಗದಿರಲಿ ಎಂದು. ಬೆರಳಿನ ಬುಡದಲ್ಲಿ ಮಾತ್ರ ಪಟ್ಟಾ ಕತ್ತರಿಸಿ, ನಡೆದಾಗ ಮಡಚುವಂತೆ ಮಾಡಿದ್ದಳು. ಮೇಲೆ ಲಾರಿಗೆ ಹೊದಿಸುವ ಹಸಿರು ತಾಡಪತ್ರಿ, ಲಾಡಿಯ ಬದಲು ಎರಡೂ ಬದಿಗೆ ಹಿಗ್ಗುವ ಕೆಂಪು ಟ್ಯೂಬಿನ ತುಂಡು. ಬಾಗದೆ, ಕೂರದೆ, ನಿಂತಲ್ಲೇ ಕಳಚಬಹುದು. ಭಾವುಸಾಹೇಬರು ಅಥಣಿಯಿಂದ ಕಾಗವಾಡದವರೆಗೆ ಬಸ್ ಬಿಟ್ಟು ಹೊಲದ ಹಾದಿಯಲ್ಲಿ ಸೈಕಲ್ ತುಳಿದೇ ಬಂದರು. ಒಮ್ಮೆಯೂ ಕಾಲು ಜಾರಲಿಲ್ಲ. ಸಂಜೆ ಕಾಲಿಗೆ ಎಣ್ಣೆ ತಿಕ್ಕಲು ಬಟ್ಟಲು ಹಿಡಿದು ಬಂದ ಹೆಂಡತಿ ಅಕ್ಕುತಾಯಿಯನ್ನು, “ಇವತ್ತ ಬ್ಯಾಡ,” ಎಂದು ವಾಪಸು ಕಳಿಸಿದರು.

ಆದರೆ ಅಂಥ ಬೂಟು ಇಡೀ ಸೀಮೆಯಲ್ಲಿ ಒಂದೇ ಜೊತೆ. ಅದು ಎಷ್ಟು ದೊಡ್ಡ ಕುತ್ತು ಎಂಬುದು ಜುಗೂಳದಲ್ಲಿ ತಿಳಿಯಿತು.

ಜುಗೂಳದ ತಾರಾಬಾಯಿಯ ಮೊಮ್ಮಗಳು ಮಂಗಲಾಗೆ ಪಾಲಬಾವಿಯ ಒಂದು ಮನೆತನದ ಹುಡುಗನನ್ನು ಹಚ್ಚುವ ಮಾತು ನಡೆದಿತ್ತು. ಹಿಂದಿನ ವರ್ಷ ಇದೇ ಹುಡುಗಿಯ ಒಂದು ಸಂಬಂಧ ಊರವರ ಬಾಯಿಗೆ ಬಿದ್ದು, ನಾಲ್ವರು ನಾಲ್ಕು ಮಾತು ಸೇರಿಸಿ, ಮುರಿದುಹೋಗಿತ್ತು. ಹಾಗಾಗಿ ಮುದುಕಿ, ಮದುವೆ ನಿಶ್ಚಯವಾಗಿ ಸಕ್ಕರೆ ಹಂಚುವ ದಿನದವರೆಗೆ ಗಾಳಿಗೂ ಗೊತ್ತಾಗಬಾರದು ಎಂದಿದ್ದಳು. ಭಾವುಸಾಹೇಬರು ಒಳಗೆ ಹೋಗಿ ಚಹಾ ಕುಡಿಯುವಷ್ಟರಲ್ಲಿ ಒಬ್ಬಳು ಹೆಪ್ಪು ಕೇಳಿಕೊಂಡು ಬಂದಳು. ಇನ್ನೊಬ್ಬಳು ಸಾಣಿಗೆ ಕೇಳಿದಳು. ಮೂರನೆಯವಳು ಏನೂ ಕೇಳದೆ, “ಮಂಗಲಾ ಎಲ್ಲಿ ಅದಾಳ್ರಿ?” ಎಂದು ಇಣುಕಿದಳು.

ತಾರಾಬಾಯಿ ಹೊಸ್ತಿಲಿನತ್ತ ಕೈ ಮಾಡಿದಳು. ಹಸಿರು ತಾಡಪತ್ರಿ, ಕೆಂಪು ಪಟ್ಟಿ, ಬೂಟು ಊರಿಗೆ ಮುಖ ಮಾಡಿ ಕುಳಿತಿತ್ತು.

“ಬೂಟಲ್ರಿ ಇದು, ಡಂಗುರ. ಮುಂದಿನ ಸಲ ಪಾಲಬಾವಿಯವರ ಮಾತು ತರೂ ಮುಂದ ಯಾರಿಗರೆ ಗೊತ್ತಾತಂದ್ರ ನಮ್ಮನಿ ಬಾಗಲಾ ಮರತಬಿಡ್ರಿ.”

“ಆಯಿ, ಬೂಟೇನೋ ಬಿಡತೇನಿ. ಈ ಮಾರಿ ಎಲ್ಲಿ ಮುಚ್ಚಿಡ್ಲಿ? ಎಲ್ಲಾರಿಗೂ ಗುರುತ ಐತಲ್ಲ!”

ತಾರಾಬಾಯಿ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ನಡೆದಳು.

ಪಾಲಬಾವಿಯವರು ಹೂಂ ಎಂದರು. ಭಾವುಸಾಹೇಬರು ಆ ಮಾತು ಹೊತ್ತು, ಕೆಂಪು ಸೈಕಲ್ಲನ್ನು ಊರಾಚೆಯ ಪಂಪಿನ ಮನೆಯಲ್ಲಿ ಬಚ್ಚಿಟ್ಟರು. ಸದಾ ಹಾಕುವ ಟೋಪಿ, ಕಣ್ಣಿನ ಚಾಳೀಸು ಕಿಸೆಗೆ ಹೋದವು, ತಲೆಗೆ ಟವೆಲ್ ಬಂತು. ಬೂಟನ್ನು ಮಾತ್ರ ಅಲ್ಲೇ ಬಿಡಲಾಗಲಿಲ್ಲ, ಓಣಿಯ ಬಾಯಿಯವರೆಗೂ ಜಾಲಿಮುಳ್ಳು. ಓಣಿ ಮುಟ್ಟಿದ ಮೇಲೆ ಕಳಚಿ ಕಂಕುಳಿಗೆ ಇರುಕಿಕೊಂಡರು. ಹತ್ತು ಹೆಜ್ಜೆ ಇಟ್ಟಿರಲಿಲ್ಲ.

“ಲೇ, ನಿಂದರಲೇ!”

ಕಟ್ಟೆಯ ಮೇಲಿದ್ದ ಭೀಮಗೊಂಡರು ಪಂಚಾಯಿತಿಗೆ ಎರಡು ಸಲ ನಿಂತು ಎರಡು ಸಲವೂ ಸೋತವರು. ಆದರೂ ಊರಿನ ನ್ಯಾಯವೆಲ್ಲ ತಮ್ಮ ಕೊರಳಿಗೇ ಬಿದ್ದಿದೆ ಎಂದು ನಂಬಿದ್ದರು.

“ಕಂಕಳಾಗ ಏನಲೇ ಅದು? ತಗೀ. ಯಪ್ಪಾ, ಭಾವುಸಾಹೇಬ್ರ ಬೂಟು! ನೋಡ್ರಿ, ಆ ದೇವರಂಥ ಮನಶ್ಯಾನ ಬೂಟು ಕದ್ದಾನ ಮಗಾ!”

ಭಾವುಸಾಹೇಬರು ಮುಖ ಮರೆಸಲು ದಾರಿಯಿಲ್ಲದೆ ಅವರೆದುರು ನಿಂತರು. ಈಗ ಗುರುತು ಸಿಗುತ್ತದೆ, ಇನ್ನು ಕೆಟ್ಟಿತು ಎಂದುಕೊಂಡರು. ಭೀಮಗೊಂಡರು ನೆಟ್ಟಗೆ ನೋಡಿದರು. ಕಟ್ಟೆಯ ಏಳೂ ಮಂದಿ ನೋಡಿದರು. ಒಬ್ಬರ ಕಣ್ಣಲ್ಲೂ ಏನೂ ಹೊಳೆಯಲಿಲ್ಲ. ಚಿಕ್ಕೋಡಿಯಿಂದ ಅಥಣಿತನಕ ಜನ ಗುರುತು ಹಿಡಿದಿದ್ದದ್ದು ಹೊಸ್ತಿಲಲ್ಲಿ ಕೂತಿದ್ದನ್ನು, ಒಳಗೆ ಕೂತಿದ್ದವನನ್ನಲ್ಲ.

ನಾಲಿಗೆಯ ತುದಿಗೆ ಬಂತು: ನಾನೇ ಭಾವುಸಾಹೇಬ. ಅಂದರೆ ಮಾನ ಉಳಿಯುತ್ತದೆ, ಆದರೆ ದೀಪ ಹಚ್ಚುವ ಹೊತ್ತಿಗೆ ಮಂಗಲಾಳ ಹೆಸರು ಮತ್ತೆ ಓಣಿಗೆ ಬೀಳುತ್ತದೆ. ಆ ಹುಡುಗಿ ಹೋದ ಸಲ ಚಹಾ ಕೊಟ್ಟು, ಅಜ್ಜಿಗೆ ಕೇಳದಂತೆ, “ಕಾಕಾ, ಈ ಸಲಾನರೆ ಮುರೀಬಾರದ್ರಿ,” ಎಂದಿದ್ದಳು. ಭಾವುಸಾಹೇಬರು ಉಗುಳು ನುಂಗಿದರು, ಅದರ ಜೊತೆ ಮೂವತ್ತೊಂದು ಮದುವೆಯನ್ನೂ ನುಂಗಿದರು.

“ಯಾರ ಬೂಟಲೇ ಇವು? ಹೇಳು!”

“ಭಾವುಸಾಹೇಬಂದು ಹೌದ್ರಿ,” ಎಂದರು. ಜೀವಮಾನದಲ್ಲಿ ಮೊದಲ ಸಲ ಆ ಹೆಸರನ್ನು ಅಷ್ಟು ಮೆಲ್ಲಗೆ ಹೇಳಿದ್ದರು.

“ಒಪ್ಪಿಕೊಂಡಿ, ಬದಕೊಂಡಿ. ಬೂಟು ನನ್ನ ಹಂತ್ಯಾಕ ಇರತಾವ, ಅವ್ರು ಬಂದಾಗ ಕೊಡತೇನಿ. ನಡಿ!”

ಬೂಟು ಹೋಯಿತು, ಮಾತು ಉಳಿಯಿತು. ಕಳ್ಳನಿಗೆ ನ್ಯಾಯ ಹೇಳಿದ ಸಂಭ್ರಮದಲ್ಲಿ, ಅವನು ಆಮೇಲೆ ಯಾರ ಹಿತ್ತಲ ಬಾಗಿಲು ಹೊಕ್ಕ ಎಂದು ಕಟ್ಟೆಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ವಾರದೊಳಗೆ ಪಾಲಬಾವಿಯವರು ಜೀಪಿನಲ್ಲಿ ಬಂದಿಳಿದರು. ತಾರಾಬಾಯಿ ಊರೆಲ್ಲ ಸಕ್ಕರೆ ಹಂಚಿದಳು. ಸಾಣಿಗೆ ಕೇಳಿದವಳಿಗೆ ಎರಡು ಹಿಡಿ ಹೆಚ್ಚು.

ಅವತ್ತು ಭಾವುಸಾಹೇಬರು ಟೋಪಿ, ಚಾಳೀಸು, ಡೈರಿ ಸಮೇತ ಕಟ್ಟೆಗೆ ಬಂದು ಬೂಟು ಕೇಳಿದರು. ಭೀಮಗೊಂಡರು ಬೂಟು ಕೊಟ್ಟರು, ಕಾಲು ನೋಡಿದರು, ಮುಖ ನೋಡಿದರು. ಟೋಪಿ ತೆಗೆದರೆ ಹೇಗಿದ್ದೀತು ಎಂದು ಮನಸ್ಸಿನಲ್ಲೇ ನೋಡಿ ಬೆವರಿದರು. ತಪ್ಪಾಯಿತು ಎನ್ನುವುದು ಅವರ ರೂಢಿಯಲ್ಲಿರಲಿಲ್ಲ, ಹಾಗಾಗಿ ತಪ್ಪನ್ನು ಎದುರಿನವರ ಮೇಲೇ ಹಾಕಿದರು.

“ಅಲ್ರಿ ಭಾವುಸಾಹೇಬ್ರ, ಅವತ್ತ ನಿಮಗ ನಿಮ್ಮ ಗುರುತರೆ ಸಿಗಲಿಲ್ಲೇನ್ರಿ?”

ಭಾವುಸಾಹೇಬರು ನಿಂತಲ್ಲೇ ಬೂಟಿಗೆ ಕಾಲು ತೂರಿಸಿದರು.

“ಬೂಟು ಯಾರವು ಅಂತ ಕೇಳಿದ್ರಿ, ಹೇಳಿದೆ. ನಾ ಯಾರು ಅಂತ ಕೇಳಿದ್ರೇನು?”